ಅತ್ತೆಯ ಮೂಗು

"ಅತ್ತೆ! ಬೆಣ್ಣೆ ಸೀದು ಹೋಯ್ತು!"

ನೊಲ್ವೆನ್ ಓಡಿ ಬಂದು ಬಾಣಲೆಯನ್ನು ಇಳಿಸುವಷ್ಟರಲ್ಲಿ ಅಡುಗೆಮನೆಯಲ್ಲಿ ಕಮಟು ಹೊಗೆ ಎದ್ದಿತ್ತು. ಒಲೆಗೆ ಬೆನ್ನು ಮಾಡಿ ಈರುಳ್ಳಿ ಹೆಚ್ಚುತ್ತಿದ್ದ ಸೊಲಾಂಜ್ ಬೆಚ್ಚಿ ತಿರುಗಿದಳು. ಅವಳ ಮುಖದಲ್ಲಿ ಕಂಡದ್ದು ಸಿಟ್ಟಲ್ಲ, ಭಯ! ಆದರೆ ಮರುಕ್ಷಣವೇ ನಾಲಿಗೆ ಎಂದಿನ ಹರಿತಕ್ಕೆ ಮರಳಿತು.

"ಯಾಕೆ ಅರಚ್ತೀಯೇ? ಇದೇನು ನಿಮ್ಮೂರ ಮೀನುಪೇಟೆನಾ? ಮನೆ ತುಂಬ ನಿನ್ನ ಸಿಂಪಿ ವಾಸನೆ ಇರುವಾಗ ಬೆಣ್ಣೆ ವಾಸನೆ ಎಲ್ಲಿಂದ ಬರ್ಬೇಕು?"

ಬ್ರಿಟನಿಯ ಕಡಲ ದಂಡೆಯಲ್ಲಿ ಸಿಂಪಿ ಬೆಳೆಸುವವರ ಮಗಳು ನೊಲ್ವೆನ್. ಮದುವೆಯಾಗಿ ವೈನ್ ತಯಾರಿಸುವ ಊರು ಶಾಬ್ಲಿಗೆ ಬಂದ ದಿನದಿಂದಲೂ ಈ ಮಾತು ಅವಳಿಗೆ ಊಟದಷ್ಟೇ ರೂಢಿ. ಇವರ ಗುಡ್ಡದ ಸುಣ್ಣಕಲ್ಲನ್ನು ಎಲ್ಲಿ ಒಡೆದರೂ ಕಲ್ಲಾಗಿ ಹೋದ ಪುಟಾಣಿ ಸಿಂಪಿಗಳೇ ಸಿಗುತ್ತವೆ! ಅದನ್ನು ಈ ಮಹಾತಾಯಿಗೆ ಹೇಳುವ ಧೈರ್ಯ ಯಾರಿಗಿದೆ? ಗಂಡ ಸತ್ತ ಮೇಲೆ ದ್ರಾಕ್ಷಿ ಯಾವಾಗ ಕೊಯ್ಯಬೇಕು, ಯಾವ ಪೀಪಾಯಿ ಯಾವ ತೊಟ್ಟಿಗೆ ಎಂದು ತೀರ್ಮಾನಿಸಿ ಈ ಮನೆಯನ್ನು ನಿಲ್ಲಿಸಿದ್ದು ಸೊಲಾಂಜಳ ಮೂಗು. ಮಗ ಎತಿಯೆನ್ ಟ್ರ್ಯಾಕ್ಟರ್ ಓಡಿಸಿ ಬಳ್ಳಿ ಕಟ್ಟುತ್ತಿದ್ದನೇ ಹೊರತು ಅಮ್ಮ ಮೂಸಿ ನೋಡಿದ್ದನ್ನು ಇನ್ನೊಮ್ಮೆ ಮೂಸುವ ಉದ್ಧಟತನ ಮಾಡಿದವನಲ್ಲ.

ಆದರೆ ಚಳಿಗಾಲದಲ್ಲಿ ಬಂದ ಜ್ವರ ಆ ಮೂಗನ್ನೇ ಕಿತ್ತುಕೊಂಡು ಹೋಗಿತ್ತು. ನೊಲ್ವೆನ್‌ಗೆ ಅದು ತಿಳಿದದ್ದು ಆಕಸ್ಮಿಕ. ಒಂದು ಮಧ್ಯಾಹ್ನ ಸೊಲಾಂಜ್ ಕಪಾಟಿನೆದುರು ನಿಂತು, ತೀರಿಹೋದ ಗಂಡನ ಕೋಟಿಗೆ ಮುಖ ಒತ್ತಿ, ಉಸಿರೆಳೆದಳು... ಮತ್ತೆ ಎಳೆದಳು... ಕೊನೆಗೆ ಕೋಟನ್ನು ಹಿಡಿದುಕೊಂಡೇ ನೆಲಕ್ಕೆ ಕುಸಿದಳು. ಬಾಗಿಲಲ್ಲಿ ನಿಂತಿದ್ದ ಸೊಸೆ ಸದ್ದಾಗದಂತೆ ಹಿಂದೆ ಸರಿದಳು. ಯಾರಿಗೂ ಹೇಳಲಿಲ್ಲ ಅವಳು, ಗಂಡನಿಗೂ.

ಇವತ್ತು ಮಾತ್ರ ಅವಳಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಾಳೆ ಬೆಳಿಗ್ಗೆ ಬಾಟಲಿ ತುಂಬುವ ಯಂತ್ರದ ಲಾರಿ ಬರುತ್ತದೆ. ಇವತ್ತು ಸಂಜೆಯೊಳಗೆ ಪೀಪಾಯಿಗಳ ವೈನೆಲ್ಲ ದೊಡ್ಡ ತೊಟ್ಟಿಗೆ ಸೇರಬೇಕು. ಗುಡ್ಡದ ನೆತ್ತಿಯ ತೋಟದ ಪೀಪಾಯಿಯನ್ನು, ಮಾವ ಸ್ವಂತ ಕೈಯಿಂದ ನೆಟ್ಟ ತೋಟದ್ದನ್ನು, ಅತ್ತೆ ಬೆಳಿಗ್ಗೆ ನಾಲಿಗೆಗೆ ಹಚ್ಚಿ, "ಆಹಾ! ಎಂಥ ಚುರುಕು! ಇದೇ ನಮ್ಮ ಕಲ್ಲಿನ ಗುಣ" ಎಂದಿದ್ದಳು. ಆಮೇಲೆ ನೊಲ್ವೆನ್ ಮುಚ್ಚಳ ತೆಗೆದು ಮೂಸಿದರೆ ಗಪ್ಪೆಂದು ಬಡಿದದ್ದು ವಿನಿಗರ್! ಹುಳಿಯನ್ನೇ ಹೆಮ್ಮೆಯೆಂದು ನಂಬಿದ ಈ ಊರಿನ ನಾಲಿಗೆಗೆ ಕೆಟ್ಟ ಹುಳಿ ಯಾವುದು, ಒಳ್ಳೆಯದು ಯಾವುದು ಎಂದು ಹೇಳುತ್ತಿದ್ದದ್ದು ಮೂಗೇ ಅಲ್ಲವೇ? ಆ ಪೀಪಾಯಿ ತೊಟ್ಟಿಗೆ ಬಿದ್ದರೆ ವರ್ಷದ ವೈನೆಲ್ಲ ಹಾಳು, ಶಾಬ್ಲಿಯಲ್ಲಿ ಈ ಮನೆಯ ಹೆಸರೂ ಹಾಳು. ಬಾಯಿ ಬಿಟ್ಟರೆ ಅತ್ತೆ ಬದುಕಿರುವಾಗಲೇ ಸತ್ತಂತೆ.

ಅಂಗಳದಲ್ಲಿ ಎತಿಯೆನ್ ಪಂಪಿನ ಕೊಳವೆ ಎಳೆದುಕೊಂಡು ಬರುವ ಸದ್ದು ಕೇಳಿಸಿತು. ನೊಲ್ವೆನ್ ನೆಲಮಾಳಿಗೆಗೆ ಇಳಿದಳು. ಆ ಪೀಪಾಯಿಯ ಬುಡದ ಬಿರಡೆ ಕಿತ್ತೇಬಿಟ್ಟಳು! ವೈನ್ ನೆಲಕ್ಕೆ ಸುರಿಯತೊಡಗಿತು.

"ಏನೇ ಮಾಡ್ತಿದೀಯಾ! ಹುಚ್ಚು ಹಿಡೀತಾ?" ಎತಿಯೆನ್ ಮೆಟ್ಟಿಲಿಳಿದು ಬಂದವನೇ ಮೂಗು ಮುಚ್ಚಿಕೊಂಡ. "ಅಯ್ಯೋ... ಇದು ಪೂರ್ತಿ ವಿನಿಗರ್ ಆಗಿದೆಯಲ್ಲೇ!"

ಹಿಂದೆಯೇ ಬಂದ ಸೊಲಾಂಜ್ ಗೋಡೆ ಹಿಡಿದು ನಿಂತಳು.

"ತಪ್ಪು ನಂದೇ," ಎಂದಳು ನೊಲ್ವೆನ್. "ಪೀಪಾಯಿಯಲ್ಲಿ ವೈನ್ ಕಡಿಮೆ ಆದಾಗೆಲ್ಲ ತುಂಬಿಸು ಅಂತ ಅತ್ತೆ ಹೇಳಿದ್ರು. ಮರೆತೆ. ಗಾಳಿ ಆಡಿ ಕೆಟ್ಟೋಯ್ತು. ಬಯ್ತೀರ ಅಂತ ಹೆದರಿ..."

"ಅಪ್ಪನ ತೋಟದ್ದು ಕಣೇ ಅದು! ಮರೆತೆಯಂತೆ! ನೀನು ಈ ಮನೆಗೆ ಆಗೋಳಲ್ಲ ಅಂತ ಅಮ್ಮ ಹೇಳ್ತಾನೇ ಇದ್ಲು, ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ಹೊರಡು, ನಿನ್ನ ಸಮುದ್ರಕ್ಕೇ ವಾಪಸ್ ಹೊರಡು! ಈ ಮಾಳಿಗೆಗೆ ಇನ್ನು ಕಾಲಿಟ್ಟರೆ ನೋಡು!"

ನೊಲ್ವೆನ್ ತಲೆ ತಗ್ಗಿಸಿದಳು. ವೈನ್ ಅವಳ ಚಪ್ಪಲಿ ತೋಯಿಸುತ್ತ ಹರಿಯುತ್ತಿತ್ತು. ಸೊಲಾಂಜ್ ಒಂದೇ ಒಂದು ಮಾತಾಡದೆ ಸುಮ್ಮನಿದ್ದರೆ ಸಾಕಿತ್ತು, ಅವಳ ಮಾನ ಉಳಿಯುತ್ತಿತ್ತು. ಅವಳು ಸುಮ್ಮನೆಯೇ ಇದ್ದಳು... ಸೊಸೆ ಮೆಟ್ಟಿಲ ಕಡೆ ಹೆಜ್ಜೆ ಇಟ್ಟಳು...

"ನಿಲ್ಲೇ!"

ಸೊಲಾಂಜಳ ಧ್ವನಿ ಒಡೆದಿತ್ತು.

"ಎತಿಯೆನ್, ಆ ಪೀಪಾಯಿ ತುಂಬಿಸೋ ಕೆಲಸ ನಾನು ಯಾವತ್ತು ಇವಳಿಗೆ ಬಿಟ್ಟಿದ್ದೆ? ಬೆಳಿಗ್ಗೆ ರುಚಿ ನೋಡಿ ಚೆನ್ನಾಗಿದೆ ಅಂದೋಳೂ ನಾನೇ. ನನಗೆ... ನನಗೆ ಏನೂ ವಾಸನೆ ಬರ್ತಿಲ್ಲ ಕಣೋ! ಈಗ್ಲೂ ಬರ್ತಿಲ್ಲ! ಇವಳಿಗೆ ಅದು ಗೊತ್ತು. ಗೊತ್ತಿದ್ದೂ ಬೈಸ್ಕೋತಾ ನಿಂತಿದಾಳೆ, ಪೆದ್ದಿ!"

ಎತಿಯೆನ್ ಮುಂದೆ ಬಂದ. ಹೆಂಡತಿಯ ಕೈ ಹಿಡಿಯಹೋದ. ಅವಳು ಕೊಸರಿಕೊಂಡು ಅತ್ತೆಯ ಬಳಿಗೆ ಹೋದಳು.

ಸೊಲಾಂಜ್ ಕಣ್ಣೊರೆಸಿಕೊಂಡು ಪಕ್ಕದ ಪೀಪಾಯಿಯಿಂದ ಒಂದು ಲೋಟ ಬಗ್ಗಿಸಿ ಸೊಸೆಯ ಮುಂದೆ ಹಿಡಿದಳು. "ಅಳ್ತಾ ನಿಂತ್ರೆ ಕೆಲಸ ಆಗಲ್ಲ, ನಾಳೆ ಲಾರಿ ಬರುತ್ತೆ. ಹೇಳು, ಏನು ಬರ್ತಿದೆ?"

"ಒದ್ದೆ ಕಲ್ಲು... ಹಸಿರು ಸೇಬು..."

"ಇನ್ನೂ?"

"ಅಷ್ಟೇ ಅತ್ತೆ."

"ಅಷ್ಟೇ ಅಲ್ಲ, ಈ ತೋಟದ ಗುಣ ನನಗೆ ನೆನಪಿದೆ. ಇನ್ನೊಂದ್ಸಲ ನೋಡು. ಅವಸರದೋಳು!"

ನೊಲ್ವೆನ್ ಮತ್ತೆ ಮೂಸಿದಳು. "ನಿಂಬೆ ಹೂವು. ತುಂಬ ಸಣ್ಣಗೆ."

"ಹ್ಞಾಂ," ಎಂದು ಸೊಲಾಂಜ್ ಕಣ್ಣು ಮುಚ್ಚಿದಳು. ಹಾಗೆಯೇ ಒಂದೊಂದೇ ಪೀಪಾಯಿ ದಾಟುತ್ತ ಹೋಗಿ, ಖಾಲಿಯಾದ ಆ ಪೀಪಾಯಿಯ ಮುಂದೆ ನಿಂತು ಅದರ ಹಲಗೆ ಸವರಿದಳು.

"ಇದರಲ್ಲಿ... ಅವರ ತೋಟದ ವಾಸನೆ ಒಂಚೂರಾದರೂ ಉಳಿದಿತ್ತಾ?"

ಹೌದೆಂದರೆ ಆ ಮುದಿಜೀವಕ್ಕೆ ಎಷ್ಟು ಸಮಾಧಾನವಾಗುತ್ತಿತ್ತೋ!

"ಇಲ್ಲ ಅತ್ತೆ. ಪೂರ್ತಿ ಹೋಗಿತ್ತು."

ಸೊಲಾಂಜ್ ಹಲಗೆಯಿಂದ ಕೈ ತೆಗೆದಳು. ಆಮೇಲೆ ಸೊಸೆಯ ತೋಳಿಗೆ ತನ್ನ ಕೈ ಸೇರಿಸಿದಳು.

"ಹೀಗೇ ಹೇಳ್ತಿರು," ಎಂದಳು. "ನನಗಿನ್ನು ನೀನು ಹೇಳಿದಷ್ಟೇ ವಾಸನೆ."