ನೋವು ಉಳಿಸುವ ಪಟ್ಟಿ

ಪಟ್ಟಿ ರಾಚವ್ವನ ಕುತ್ತಿಗೆಯನ್ನು ಮೃದುವಾಗಿ ಅಪ್ಪಿಕೊಂಡಿತು. ಕೂದಲಿಗಿಂತ ತೆಳುವಾದ ಸೂಜಿಗಳು ಹೊರಬಂದು, ಚುಚ್ಚಬೇಕಾದ ಜಾಗಗಳನ್ನು ತಾವೇ ಹುಡುಕಿ ಚುಚ್ಚಿದವು. ದೇಹ ತನ್ನೊಳಗೇ ತಯಾರಿಸುವ ನೋವುನಿವಾರಕ ರಸಗಳು ಎಚ್ಚೆತ್ತವು. ಬಿಗಿದುಕೊಂಡಿದ್ದ ಸ್ನಾಯುಗಳು ಸಡಿಲಾದವು. ಆಮೇಲೆ ಪಟ್ಟಿಯೇ ಮಾತನಾಡಿತು: “ಗದ್ದ ಒಳಗ ತಗೋರಿ. ಭುಜ ಇಳಸ್ರಿ. ಈಗ ನಿಧಾನಕ ಮ್ಯಾಲೆ ನೋಡ್ರಿ.”

ರಾಚವ್ವ ನೋಡಿದಳು. ಕಸೂತಿ ಹಾಕಿ ಹಾಕಿ ಬಗ್ಗಿದ ಆ ಕತ್ತು ವರ್ಷಗಳಿಂದ ನೆಟ್ಟಗಾಗಿರಲಿಲ್ಲ.

“ಅಯ್ಯ, ಮ್ಯಾಲೆ ಹಲ್ಲಿ ಐತಲ್ರಿ!” ಎಂದು ನಕ್ಕಳು. ನಗುತ್ತಲೇ ಅತ್ತಳು.

ಪಟ್ಟಿಯನ್ನು ಕಂಡುಹಿಡಿದ ಇಂದುಧರ ಹೂಲಿಯ ಕಣ್ಣೂ ಒದ್ದೆಯಾಯಿತು. ಅದು ೨೦೬೧ನೇ ಇಸವಿ, ಧಾರವಾಡದ ಅವನ ಪುಟ್ಟ ಪ್ರಯೋಗಾಲಯ. ಸೂಜಿ ನೋವನ್ನು ತಗ್ಗಿಸಬೇಕು, ಆ ಬಿಡುವಿನಲ್ಲಿ ವ್ಯಾಯಾಮ ಕುತ್ತಿಗೆಗೆ ಬಲ ಕೊಡಬೇಕು, ಒಂದನ್ನು ಬಿಟ್ಟರೆ ಇನ್ನೊಂದು ಅರೆಬರೆ ಎಂಬುದು ಅವನ ನಂಬಿಕೆ. ವರ್ಷ ತುಂಬುವುದರೊಳಗೆ ಪಟ್ಟಿ ಮನೆಮಾತಾಯಿತು.

ಮರುವರ್ಷ ರಾಚವ್ವ ಮತ್ತೆ ಬಂದಳು. ನೋವೇನೂ ಇರಲಿಲ್ಲ. ಆದರೆ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಕುತ್ತಿಗೆಯ ಮೂಳೆಗಳ ನಡುವಿನ ಮೆತ್ತೆ ಜಾರಿ, ಕೈಗಿಳಿಯುವ ನರವನ್ನು ಒತ್ತಿ ಹಿಡಿದಿತ್ತು.

“ವ್ಯಾಯಾಮ ಬಿಟ್ರೇನ್ರಿ ರಾಚವ್ವ?” ಇಂದುಧರನ ದನಿ ಏರಿತು.

“ಕಸೂತ್ಯಾಗ ಗಂಟ ಹಾಕಂಗಿಲ್ರಿ ಸಾಹೇಬ್ರ. ಹ್ವಾದ ದಾರ ಅದ ಹಾದಿ ಹಿಡದು ತಿರುಗಿ ಬರಬೇಕು. ಅದು ಬಂದ ಮ್ಯಾಲ ವ್ಯಾಯಾಮ ಮಾಡೂಣಂತ ಕುಂದರ್ತಿದ್ದೆ. ಅಷ್ಟರಾಗ ಇನ್ನೊಂದ ಹೊಲಿಗಿ ಸಾಲು ಹಿಡದಿರ್ತಿದ್ದೆ.”

“ಮೊದಲ ಹ್ಯಾಂಗ ಏಳ್ತಿದ್ರಿ?”

“ಮೊದಲ ಕುತ್ತಿಗಿ ಸುಮ್ಮನ ಬಿಡ್ತಿತ್ತೇನ್ರಿ? ಬೈದು ಎಬ್ಬಸ್ತಿತ್ತು. ಅಂಗಳದಾಗ ಅಡ್ಡಾಡಿ ಬರ್ತಿದ್ದೆ. ಈಗ ಎಬ್ಬಸಾವ್ರ ಯಾರದಾರ್ರಿ?”

ಇಂದುಧರ ತಣ್ಣಗಾದ. ತಪ್ಪು ಅವಳದಲ್ಲ, ತನ್ನದು. ಮೊದಲು ಸುಖ, ಆಮೇಲೆ ಕಷ್ಟ ಎಂದು ಯಂತ್ರ ಕಟ್ಟಿಕೊಟ್ಟರೆ, ಯಾರಾದರೂ ಕಷ್ಟವನ್ನು ನಾಳೆಗೆ ತಳ್ಳುವವರೇ.

“ಬೆರಳ ಮೊದಲಿನಂಗ ಆಗ್ತಾವಲ್ರಿ? ಸೂಜಿ ಹಿಡೀಲಿಕ್ಕೆ ಬರಲಿಲ್ಲಂದ್ರ ನಾ ಯಾರಂತ ಬದುಕ್ಲಿ?”

ಇಂದುಧರ ಅವಳ ಕೊರಳಿನ ಪಟ್ಟಿ ಬಿಚ್ಚಿ ತನ್ನ ಮೇಜಿನ ಮೇಲಿಟ್ಟುಕೊಂಡ.

ಅವನು ಪಟ್ಟಿಯ ಕ್ರಮವನ್ನೇ ಬದಲಿಸಿದ. ಇನ್ನು ವ್ಯಾಯಾಮದ ಜೊತೆಯಲ್ಲೇ ಸೂಜಿ. ಕತ್ತು ದುಡಿದಷ್ಟೇ ಉಪಶಮನ. ಸಾಲದ್ದಕ್ಕೆ, ಬೈದು ಎಬ್ಬಿಸಲೆಂದು ಒಂದಿಷ್ಟು ನೋವನ್ನು ಬೇಕೆಂದೇ ಉಳಿಸಿದ. ನೋವು ಉಳಿಸುವ ಯಂತ್ರವನ್ನು ಯಾರು ಕೊಳ್ಳುತ್ತಾರೆ ಎಂದು ತಯಾರಕರು ಮೂಗು ಮುರಿದರು. ರಾಚವ್ವ ಮಾತ್ರ ಹಟ ಹಿಡಿದು ಅದನ್ನೇ ಕಟ್ಟಿಕೊಂಡಳು, ದಿನವೂ ಹಲ್ಲು ಕಚ್ಚಿ ಕತ್ತು ತಿರುಗಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಅವಳು ಬಾಗಿಲಲ್ಲೇ ಕೂಗಿದಳು: “ಕಸೂತಿ ಸೂಜಿ ಚುಚ್ಚಿತ್ರಿ ಸಾಹೇಬ್ರ! ನೋಡ್ರಿ, ನೋವಾತು!”

ತೋರುಬೆರಳ ತುದಿಯಲ್ಲಿ ರಕ್ತದ ಹನಿ ನಿಂತಿತ್ತು. ಒರೆಸಲು ಅವಳಿಗೆ ಮನಸ್ಸೇ ಇರಲಿಲ್ಲ. ಹೆಬ್ಬೆರಳು ಇನ್ನೂ ಮರಗಟ್ಟಿಯೇ ಇತ್ತು.

ಇಂದುಧರ ಅವಳ ಕೈ ಹಿಡಿದುಕೊಂಡೇ ಕಿಟಕಿಯಾಚೆ ನೋಡಿದ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಅಂಗೈಯ ಪರದೆಗೆ ತಲೆಬಾಗಿ ನಿಂತಿದ್ದರು. ಎಲ್ಲರ ಕೊರಳಲ್ಲೂ ಹಳೆಯ ಪಟ್ಟಿ. ಯಾರಿಗೂ ಏನೂ ನೋಯುತ್ತಿರಲಿಲ್ಲ.