ಬಾಯಮ್ಮನ ತರಗೆಲೆ

ತೋಟಕ್ಕೆ ನುಗ್ಗುವ ಕಾರ್ಕಳದ ಗುಡ್ಡದ ಮಂಗಗಳ ಗುಂಪಿನಿಂದ ಅರಣ್ಯ ಇಲಾಖೆಯವರು ಒಂದು ಮುದಿ ಹೆಣ್ಣನ್ನು ಬೋನಿಗೆ ಹಾಕಿ, ಹೆಬ್ರಿಯ ಕಾಡಿನಲ್ಲಿ ಬಿಟ್ಟು ಬಂದರು.

ಅದಾಗಿ ಇಪ್ಪತ್ತು ದಿನ. ಇಂದು ಉಳಿದ ಹದಿನಾಲ್ಕಕ್ಕೂ ಬೋನು ಬಂದಿತ್ತು. ಎರಡು ವರ್ಷ ಈ ಗುಂಪಿನ ಹಿಂದೆ ನೋಟ್‌ಬುಕ್ ಹಿಡಿದು ಅಲೆದ ರೀನಾ, ಬೋನಿನ ಬಾಗಿಲಿಗೆ ಅಡ್ಡ ನಿಂತಿದ್ದಳು.

ಧೂಳೆಬ್ಬಿಸುತ್ತ ಒಂದು ಬೈಕು ಬಂದು ನಿಂತಿತು. ಮಣಿಪಾಲದ ಸಂಶೋಧಕ ಲಿಯೋನೆಲ್!

ಅವಳ ಎದೆ ಧಸಕ್ಕೆಂದಿತು. ‘ಈ ಮುಖ ನೋಡಲೇಬಾರದು ಅಂದುಕೊಂಡಿದ್ದೆನಲ್ಲ... ಮತ್ತೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ?’

“ಇಪ್ಪತ್ತು ದಿನ ಫೋನ್ ಎತ್ತದವನಿಗೆ ಈಗ ಎಂತ ಕೆಲಸ ಇಲ್ಲಿ? ನಿನ್ನ ವರದಿ ಹಿಡಿದೇ ಅಲ್ವಾ ಬಾಯಮ್ಮನನ್ನು ಒಯ್ದದ್ದು!”

“‘ಮಂಗಗಳಿಗೆ ಸಂಸ್ಕೃತಿ ಉಂಟು ಎನ್ನಲು ಪುರಾವೆ ಸಾಲದು’ ಅಂತ ನಾನು ಬರೆದದ್ದು ಮಾರಾಯ್ತಿ. ಇವರು ‘ಸಂಸ್ಕೃತಿ ಇಲ್ಲ, ಸಾಗಿಸಿದರೆ ನಷ್ಟವೂ ಇಲ್ಲ’ ಅಂತ ಓದಿದರು!”

ಬಾಯಮ್ಮ ಅಂದರೆ ಆ ಮುದಿ ಮಂಗ. ಹಲಸು ತಿಂದು, ಕೈಗಂಟಿದ ಮೇಣವನ್ನು ತರಗೆಲೆಯಲ್ಲಿ ಉಜ್ಜಿ ಒರೆಸಿಕೊಳ್ಳುವವಳು. ಮರಿಗಳು ಅವಳನ್ನು ನೋಡಿ ಕಲಿತವು, ಅದೇ ಸಂಸ್ಕೃತಿ ಎಂದು ರೀನಾ. ಒಂದೊಂದೂ ತಾನಾಗಿಯೇ ಕಲಿತದ್ದು ಎಂದು ಲಿಯೋನೆಲ್. ಅವರ ಪ್ರೀತಿ ಹುಟ್ಟಿದ್ದೂ ಈ ಜಗಳದಲ್ಲಿ, ಮುರಿದದ್ದೂ ಇದರಲ್ಲೇ.

“ಮನುಷ್ಯ ಕೈ ಒರೆಸಿದರೆ ಸಂಸ್ಕೃತಿ, ಮಂಗ ಒರೆಸಿದರೆ ಚೇಷ್ಟೆಯಾ?” ರೀನಾ ಬೋನಿನ ಸರಳು ಹಿಡಿದು ಕೇಳಿದಳು.

“ನಾನು ಹೆಬ್ರಿ ಕಾಡಿನಲ್ಲಿದ್ದೆ ರೀನಾ, ಅಲ್ಲಿ ನೆಟ್‌ವರ್ಕ್ ಇಲ್ಲ. ಬೈಯುವ ಮೊದಲು ಇದನ್ನು ನೋಡು!”

ಫೋನಿನಲ್ಲಿ ಬಾಯಮ್ಮ ಒಬ್ಬಳೇ ಕೂತಿದ್ದಳು. ಅಲ್ಲಿಯ ಗುಂಪು ಅವಳನ್ನು ಹತ್ತಿರ ಸೇರಿಸಿರಲಿಲ್ಲ. ಹೇನು ಹೆಕ್ಕುವವರೂ ಇಲ್ಲ. ಆದರೆ ದೂರದಲ್ಲಿ, ಅಲ್ಲಿಯದೇ ಒಂದು ಮರಿ... ಅವಳನ್ನೇ ದಿಟ್ಟಿಸಿ, ತರಗೆಲೆ ಹೆಕ್ಕಿ, ಅಂಗೈ ಉಜ್ಜಿತು!

“ಮರುದಿನ ಇನ್ನೆರಡು! ಅಲ್ಲಿಯ ಎರಡು ವರ್ಷದ ವಿಡಿಯೋ ನನ್ನಲ್ಲುಂಟು, ಮೊದಲು ಒಂದೂ ಹೀಗೆ ಮಾಡಿದ್ದಿಲ್ಲ. ನಾನು ಸೋತೆ! ಇಷ್ಟು ಖುಷಿಯಲ್ಲಿ ಯಾರೂ ಸೋತಿರಲಿಕ್ಕಿಲ್ಲ!”

ರೀನಾ ಅಳುತ್ತಲೇ ನಕ್ಕಳು. “ಸೋತದ್ದು ವಾದದಲ್ಲಿ ಮಾತ್ರವಾ?”

“ನಿನಗೆ ಸೋತು ಎರಡು ವರ್ಷವಾಯಿತು... ಅದಕ್ಕೆ ಪುರಾವೆ ಕೇಳಬೇಡ.”

ಇಣುಕಿ ನೋಡುತ್ತಿದ್ದ ಅರಣ್ಯಾಧಿಕಾರಿ ನಕ್ಕು, ಲಿಯೋನೆಲ್‌ನತ್ತ ಕಾಗದ, ಪೆನ್ನು ಚಾಚಿದರು. “ಒಳ್ಳೆಯದೇ ಆಯಿತಲ್ಲ! ಮುದುಕಿ ಅಲ್ಲಿ ಶಾಲೆ ತೆರೆದಿದ್ದಾಳೆ. ಉಳಿದವನ್ನೂ ಮಾಸ್ತರಿಕೆಗೆ ಕಳಿಸುವ! ‘ಸ್ಥಳಾಂತರದಿಂದ ನಷ್ಟವಿಲ್ಲ’ ಅಂತ ಒಂದು ಸಹಿ ಹಾಕಿ. ನಿಮ್ಮ ಸಹಿ ಇಲ್ಲದೆ ಗಾಡಿ ಹೊರಡುವುದಿಲ್ಲ.”

ಲಿಯೋನೆಲ್ ಪೆನ್ನು ಮುಟ್ಟಲಿಲ್ಲ. ರೀನಾಳ ಪಕ್ಕದಲ್ಲಿ ನಿಂತು ಅವಳ ಬೆರಳು ಹಿಡಿದುಕೊಂಡ.

“ಬಿಡಬೇಡ,” ಅವಳು ಪಿಸುಗುಟ್ಟಿದಳು.

“ಬಿಟ್ಟರೆ ತಾನೇ!”

“ರೀ, ಮೇಲಿನ ಆದೇಶ! ಸಹಿ ಹಾಕಿ!”

“ಹಾಕುವುದಿಲ್ಲ ಸಾರ್. ಶಾಲೆ ತೆರೆದವಳಿಗೆ ಅಲ್ಲಿ ಹೇನು ಹೆಕ್ಕಲು ಒಬ್ಬರೂ ಇಲ್ಲ. ಮೊದಲು ಬಾಯಮ್ಮನನ್ನು ವಾಪಸು ಕರೆತನ್ನಿ.”