ಕೂಡಿಸಿ ಬರೆದ ಅಕ್ಷರಗಳು

ಸೋಮವಾರ ಗ್ಲೆನಿಸ್ ಮರ್ವ್ ಕಡೆ ನೋಡಲೇ ಇಲ್ಲ.

ಅಡಿಲೇಡ್ ನಗರದ ಟಿವಿ ಸ್ಟುಡಿಯೋದಿಂದ ದಿನಾ ಬೆಳಗ್ಗೆ ಹನ್ನೊಂದಕ್ಕೆ ನೇರ ಪ್ರಸಾರವಾಗುತ್ತಿದ್ದ ಪದದಾಟಕ್ಕೆ ಒಗಟು ಹೆಣೆಯುತ್ತಿದ್ದವಳು ಅವಳು. ಅವಳು ಕೊಟ್ಟ ಹಾಳೆ ನೋಡಿಕೊಂಡು ದೊಡ್ಡ ಬೋರ್ಡಿನ ಹಿಂದೆ ಅಕ್ಷರದ ಹಲಗೆ ಸಿಕ್ಕಿಸುತ್ತಿದ್ದವನು ಮರ್ವ್. ಆರು ವಾರಗಳಿಂದ, ಹಾಳೆ ಕೊಡುವಾಗ ಅವಳ ಬೆರಳು ಒಂದು ಕ್ಷಣ ತಡವಾಗಿ ಬಿಡುತ್ತಿತ್ತು. ಕಣ್ಣಂಚಿನಲ್ಲೇ ನಗುತ್ತಿದ್ದಳು. ಶುಕ್ರವಾರ ಮಡಚಿದ ಚೀಟಿಯೊಂದನ್ನು ಅವನ ಜೇಬಿಗೆ ತುರುಕಿ, ಕಿವಿಯವರೆಗೆ ಕೆಂಪಾಗಿ ಓಡಿಹೋಗಿದ್ದಳು.

ಚೀಟಿ ಇನ್ನೂ ಜೇಬಿನಲ್ಲೇ ಇತ್ತು. ಮರ್ವ್‌ಗೆ ಓದಲು ಬರುತ್ತಿರಲಿಲ್ಲ.

ಮೂವತ್ತೊಂದು ವರ್ಷದ ಗುಟ್ಟು ಅದು. ಟೈಪ್ ಮಾಡಿದ ಅಕ್ಷರವಾದರೆ ಚಿತ್ರ ಹೊಂದಿಸುವಂತೆ ಆಕಾರ ನೋಡಿ ಹೊಂದಿಸಿಬಿಡುತ್ತಿದ್ದ. ಚೀಟಿಯಲ್ಲೋ ಕೈಬರಹದ ಅಕ್ಷರಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ದಾರದಂತೆ ಸುತ್ತಿಕೊಂಡಿದ್ದವು. ಯಾರಿಗಾದರೂ ತೋರಿಸೋಣವೆಂದರೆ ಗುಟ್ಟು ಬಯಲಾಗುತ್ತಿತ್ತು.

ಹತ್ತೂಮುಕ್ಕಾಲಿಗೆ ಅವಳು ಹಾಳೆಯನ್ನು ಮೇಜಿನ ಮೇಲೆ ಎಸೆದಳು. "ಟೈಪ್‌ರೈಟರ್ ಕೆಟ್ಟಿದೆ. ಕೈಯಲ್ಲೇ ಬರೆದಿದ್ದೀನಿ."

ಮತ್ತದೇ ದಾರ. ಮರ್ವ್ ಹಾಳೆಯನ್ನು ಅತ್ತಿತ್ತ ತಿರುಗಿಸಿ ನೋಡಿದ.

"ಹತ್ತೇ ನಿಮಿಷ, ಮಾರಾಯ!" ಫ್ಲೋರ್ ಮ್ಯಾನೇಜರ್ ಡೆನ್ಜಿಲ್ ಕೂಗಿದ. "ಏನು, ನಿಂತಲ್ಲೇ ನಿದ್ದೆನಾ?"

ಬೋರ್ಡಿನಾಚೆ ಪ್ರೇಕ್ಷಕರು ಬಂದು ಕೂರುತ್ತಿದ್ದರು. ಮರ್ವ್ ಒಂದು ಹಲಗೆ ಎತ್ತಿದ, ಇಳಿಸಿದ. ಕೊನೆಗೆ ಹಾಳೆ ಹಿಡಿದು ಗ್ಲೆನಿಸ್‌ಳ ಹಿಂದೆ ಓಡಿದ.

"ಗ್ಲೆನಿಸ್, ಇದನ್ನ ಬಿಡಿಬಿಡಿಯಾಗಿ ಬರೆದುಕೊಡ್ತೀಯಾ?"

"ನನ್ನ ಅಕ್ಷರ ಅಷ್ಟು ಕೆಟ್ಟದಾಗಿದ್ಯಾ? ಅದಕ್ಕೇನಾ ನಿನ್ನೆ ಬರಲಿಲ್ಲ?"

"ಎಲ್ಲಿಗೆ?"

"ತಮಾಷೆ ಮಾಡ್ಬೇಡ."

ಅವನು ಚೀಟಿ ತೆಗೆದು ಚಾಚಿದ. "ನನಗೆ ಓದೋಕೆ ಬರಲ್ಲ. ಒಂದಕ್ಷರಾನೂ."

ಅವಳು ನಗುತ್ತಾಳೆ, ಡೆನ್ಜಿಲ್‌ನನ್ನು ಕರೆಯುತ್ತಾಳೆ ಎಂದು ಹೆದರಿ ನಿಂತ. ಗ್ಲೆನಿಸ್ ಚೀಟಿ ಬಿಡಿಸಿ ಪಿಸುದನಿಯಲ್ಲಿ ಓದಿದಳು: "ಭಾನುವಾರ ನಾಲ್ಕಕ್ಕೆ ಸೆಮಫೋರ್ ಕಡಲಕಟ್ಟೆ ಹತ್ರ ಕಾಯ್ತಿರ್ತೀನಿ. ಬರದಿದ್ರೆ ಇನ್ಯಾವತ್ತೂ ಕೇಳಲ್ಲ." ಅವಳ ಕಣ್ಣು ತುಂಬಿತು. "ಕತ್ತಲಾಗೋವರೆಗೂ ಕೂತಿದ್ದೆ ಕಣೋ, ದಡ್ಡ."

"ಐದು ನಿಮಿಷ!"

ಅವಳು ಅವನ ತೋಳು ಹಿಡಿದೆಳೆದಳು. ಒಂದೊಂದೇ ಹಲಗೆ ತೋರಿಸಿದಳು, ಅವನು ಸಿಕ್ಕಿಸಿದ. ಕೊನೆಯದು ಕೂರುವುದಕ್ಕೂ ಸಂಗೀತ ಶುರುವಾಗುವುದಕ್ಕೂ ಸರಿಹೋಯಿತು.

ಕಾರ್ಯಕ್ರಮ ಮುಗಿದ ಮೇಲೆ ಡೆನ್ಜಿಲ್ ಎಲ್ಲರನ್ನೂ ಕರೆದ. ನೋಡುವವರೇ ಇಲ್ಲ, ಈ ಶುಕ್ರವಾರವೇ ಕೊನೆ, ಎಂದ. "ಗ್ಲೆನಿಸ್‌ಗೇನು ಬಿಡಿ, ಮೆಲ್ಬರ್ನ್ ಪೇಪರಿನವರು ಪದಬಂಧ ಮಾಡೋಕೆ ಕರೆದಿದ್ದಾರಂತೆ."

ಮರ್ವ್‌ಗೆ ನಿಜವಾದ ಹೆದರಿಕೆ ಹುಟ್ಟಿದ್ದು ಆಗ. ಹೋದವಳು ಕಾಗದ ಬರೆಯುತ್ತಾಳೆ. ಬೇರೆ ಯಾರದೋ ಬಾಯಲ್ಲಿ ಅದನ್ನು ಕೇಳಬೇಕು. ಆಮೇಲೆ ಕಾಗದವೂ ನಿಲ್ಲುತ್ತದೆ.

ಎಲ್ಲರೆದುರೇ ಎದ್ದ. "ಗ್ಲೆನಿಸ್, ನಂಗೆ ಬರೆಯೋಕೆ ಬರಲ್ಲ, ಅದಕ್ಕೆ ಬಾಯಲ್ಲೇ ಹೇಳ್ತೀನಿ. ನೀನಂದ್ರೆ ನಂಗೆ ಪ್ರಾಣ. ಹೋಗ್ಬೇಡ ಅನ್ನಲ್ಲ. ನಾನೂ ಬರ್ಲಾ?"

ಯಾರೋ ಕಿಸಕ್ಕೆಂದರು. "ಬರೆಯೋಕೆ ಬರಲ್ಲ ಅಂದ್ರೇನೋ?" ಎಂದ ಡೆನ್ಜಿಲ್. ಮರ್ವ್ ತಿರುಗಲಿಲ್ಲ.

"ನಂಗೂ ಭಯ ಆಗ್ತಿದೆ," ಎಂದಳು ಗ್ಲೆನಿಸ್. ಕೆನ್ನೆ ಒರೆಸಿಕೊಂಡು ಅವನ ಪಕ್ಕಕ್ಕೆ ಬಂದು ನಿಂತು ಹೇಳಿದಳು:

"ಶನಿವಾರ ಸಂಜೆ ರೈಲು. ಕಿಟಕಿ ಸೀಟು ನಂದು, ಈಗಲೇ ಹೇಳಿದೀನಿ."